ತಿಪ್ಪೇಶಪ್ಪನ ಬೆನ್ನೊಳಗಿನ ಅತಿಥಿ

ತಿಪ್ಪೇಶಪ್ಪನ ಕ್ಷೌರದಂಗಡಿಯಲ್ಲಿ ಕತ್ತರಿಗಿಂತ ಬಾಯಿಯೇ ಜೋರು. ಅವನು ಕತೆ ಶುರು ಮಾಡಿದರೆ ಕತ್ತರಿಸಿದ ಕೂದಲು ಕೂಡ ಕೆಳಗೆ ಬೀಳದೆ ನಿಂತು ಕೇಳುತ್ತಿತ್ತಂತೆ. ಅಂಥವನ ಬೆನ್ನು ಒಂದು ದಿನ ಕೈಕೊಟ್ಟಿತು. ಆಪರೇಷನ್ ಆಯಿತು. ಬೆನ್ನುಹುರಿ ಕಾಯುವ ಎರಡು ಮೂಳೆಗಳನ್ನು ಬೆಸೆಯಲು, ಯಾರೋ ತೀರಿಕೊಂಡವರ ಮನೆಯವರು ದಾನ ಕೊಟ್ಟಿದ್ದ ಮೂಳೆಯ ಚೂರುಗಳನ್ನು ಡಾಕ್ಟರು ನಡುವೆ ಇಟ್ಟರು.

"ಯಾರದು ಡಾಕ್ಟ್ರೇ ಅದು?"

"ಹೆಸರು ಹೇಳೋ ಹಾಗಿಲ್ಲ. ನೀವು ದಿನಾ ನಡೀಬೇಕು, ಬೀಡಿ ಮುಟ್ಟಬಾರದು. ಅಷ್ಟು ಮಾಡಿ ಸಾಕು."

ಹೆಸರು ಗೊತ್ತಾಗದಿದ್ದರೆ ತಿಪ್ಪೇಶಪ್ಪನಿಗೆ ನಿದ್ದೆ ಬರುವುದುಂಟೇ? ತಾನೇ ಒಬ್ಬನನ್ನು ಹುಟ್ಟಿಸಿಕೊಂಡ. ಅಂಗಡಿಯಲ್ಲಿ ಬೀಡಿ ಹಚ್ಚುತ್ತಾ ಹೇಳುತ್ತಿದ್ದ, "ನಾನು ಬಿಟ್ಟು ಎಷ್ಟೋ ಕಾಲವಾಯ್ತು ಮಾರಾಯ. ಒಳಗಿರೋನು ಕೇಳ್ತಾನೆ." ಬೆಳಿಗ್ಗೆ ನಡೆಯಲು ಎಬ್ಬಿಸಿದರೆ, "ಆ ಪುಣ್ಯಾತ್ಮ ತಡವಾಗಿ ಏಳೋನು ಕಣೇ."

ಹೆಂಡತಿ ಈರಕ್ಕ ಬಿಡಲಿಲ್ಲ. "ಮದುವೆಯಾದಾಗಿಂದ ನೀವು ಹೊತ್ತೇರಿದ ಮೇಲೇ ಏಳ್ತಿದ್ದೀರಿ. ಆಗ ಯಾರ ಮೂಳೆ ಇತ್ತು?"

ಕೆಲವು ತಿಂಗಳಲ್ಲಿ ನೋವು ಮರಳಿತು. ಒಬ್ಬರ ಅರ್ಧ ಗಡ್ಡ ಬೋಳಿಸಿದವನು ಇನ್ನರ್ಧಕ್ಕೆ ನಿಲ್ಲಲಾರದೆ ಕುಳಿತುಬಿಟ್ಟ. ಅಂಗಡಿಗೆ ಬಾಗಿಲು ಹಾಕುವುದೊಂದೇ ಬಾಕಿ.

ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದರು. "ಮೂಳೆ ಕೂಡಿಲ್ಲ."

"ಕೊಟ್ಟೋನು ಸ್ವಲ್ಪ ಬೀಡಿ ಚಟದವನು ಅನ್ಸುತ್ತೆ."

"ತೊಳೆದು ಶುದ್ಧ ಮಾಡಿದ ಮೂಳೆಗೆ ಯಾವ ಚಟ ರೀ? ಅದು ಬರೀ ಚಪ್ಪರ. ಅದರ ಮೇಲೆ ಹಬ್ಬಬೇಕಾದ ಬಳ್ಳಿ ನಿಮ್ಮ ಮೂಳೆ. ನಿಮ್ಮ ಹೊಗೆಗೆ ಅದು ಚಿಗುರುತ್ತಿಲ್ಲ."

"ಹಾಗಾದ್ರೆ ದಿನಾ ಬೀಡಿ ಕೇಳೋನು ಯಾರು?"

ಡಾಕ್ಟರು ಅವನ ಮುಖವನ್ನೇ ನೋಡಿದರು.

ದಾರಿಯುದ್ದಕ್ಕೂ ತಿಪ್ಪೇಶಪ್ಪನಿಗೆ ಮೂಳೆ ದಾನ ಕೊಟ್ಟ ಮನೆಯವರದೇ ಯೋಚನೆ. ಎದುರಿಗೆ ಹೆಣವಿಟ್ಟುಕೊಂಡು ಅಳುತ್ತಿದ್ದಾಗಲೂ ಆ ಮನೆಯವರು ಕಾಣದ ಒಬ್ಬನ ಬೆನ್ನನ್ನು ನೆನೆದಿದ್ದರು. ತಾನು ಆ ಸತ್ತವನನ್ನು ಊರಿಗೆಲ್ಲ ಸೋಮಾರಿ ಎಂದು ಸಾರಿದ್ದ. ಮನೆಗೆ ಬಂದವನೇ ಬೀಡಿ ಕಟ್ಟನ್ನು ಈರಕ್ಕನ ಒಲೆಗೆ ಹಾಕಿದ. ಮರುದಿನ ಕೋಳಿ ಕೂಗುವ ಮೊದಲೇ ನಡೆಯಲು ಹೊರಟ. ಕೋಳಿಯೇ ಇವನ ಸದ್ದಿಗೆ ಎದ್ದಿತೆಂದು ಇಂದಿಗೂ ಕೊಚ್ಚಿಕೊಳ್ಳುತ್ತಾನೆ.

ಮುಂದಿನ ವರ್ಷದ ಎಕ್ಸ್‌ರೇಯಲ್ಲಿ ಮೂಳೆ ಕೂಡಿತ್ತು. ಅರ್ಧ ಗಡ್ಡದ ಗಿರಾಕಿ ಮತ್ತೆ ಕುರ್ಚಿ ಏರಿ ಕೇಳಿದ, "ಏನಪ್ಪಾ, ಒಳಗಿರೋನು ಹೇಗಿದಾನೆ?"

"ಹೆಸರು ಗೊತ್ತಿಲ್ಲ," ಎಂದ ತಿಪ್ಪೇಶಪ್ಪ, ಇನ್ನೊಂದು ಕೆನ್ನೆಗೂ ಸೋಪು ಹಚ್ಚುತ್ತಾ. "ಆದ್ರೆ ತಡವಾಗಿ ಏಳೋನು ಮಾತ್ರ ಅವನಲ್ಲ."

ನೀತಿ: ಕೊಡುವವರು ಆಸರೆ ಕೊಡಬಲ್ಲರು, ಅದರ ಮೇಲೆ ಬೆಳೆಯುವ ಕೆಲಸ ನಮ್ಮದೇ. ಬೆಳೆಯದಿದ್ದರೆ ಕೊಟ್ಟವರನ್ನು ದೂರಬಾರದು.