ಬೂದಿ ಹಿಡಿದ ಕೈ

"ಕೇಳಿರಯ್ಯಾ, ಸಿಂಗಾರಪಟ್ಟಣದ ಮಹಾಜನಗಳೇ! ದೇವರ ಗುಡಿಗೆಂದು ಎರೆದ ಗಂಟೆ ಮೂರು ಸಲವೂ ಒಡೆದಿದೆ. ಎರಕದ ಸಾಲೆಗೆ ಹೊಸ ಯಜಮಾನ ಬೇಕು. ರಾಜಮಾತೆಯವರ ಮೂರು ಒಗಟು ಬಿಡಿಸಿದವನಿಗೆ ಆ ಪಟ್ಟ, ಜೊತೆಗೆ ಬೇಡಿದ್ದೊಂದು ವರ. ತಪ್ಪಿದವನಿಗೆ ಹುಣ್ಣಿಮೆಯ ಮರುದಿನ ಶೂಲ!"

ಶೂಲದ ಮಾತು ರಾಜಮಾತೆ ಲಕುಮಾಜಮ್ಮನವರದಲ್ಲ. ಮಗ ಉದಯಮಲ್ಲರಾಯ ಸಿಟ್ಟಿನಲ್ಲಿ ಸೇರಿಸಿದ್ದು. ಹಾಗೆ ಸೇರಿಸುವುದು ಆ ಅರಸನ ರೂಢಿ.

ಡಂಗುರ ಕೇಳಿದಾಗ ಕಾಳಾಚಾರಿ ಸೆರೆಮನೆಯ ಬಾಗಿಲಲ್ಲಿ ತಂದೆಗೆ ಬುತ್ತಿ ಕೊಡುತ್ತಿದ್ದ. ತಂದೆ ಬೊಮ್ಮಾಚಾರಿ ಮೂವತ್ತು ವರ್ಷ ಅದೇ ಸಾಲೆಯ ಯಜಮಾನನಾಗಿದ್ದವನು. ಎರಡನೆಯ ಗಂಟೆ ಒಡೆದಾಗ ಅರಸ ಅವನನ್ನು ಸಭೆಗೆ ಕರೆಸಿ, "ಅಂಜಬೇಡ ಬೊಮ್ಮಣ್ಣ, ನೀನು ನಮ್ಮ ಮನೆಯವನು. ಇದ್ದದ್ದನ್ನು ಇದ್ದ ಹಾಗೆ ಹೇಳು" ಎಂದಿದ್ದ. ಮುದುಕ ನಂಬಿದ. "ಸಾಲೆಯಲ್ಲಿ ಜನ ತಮಗೆ ಹೆದರಿ ಬಾಯಿ ಬಿಡುತ್ತಿಲ್ಲ, ಪ್ರಭು" ಎಂದ. ಅರಸ ನಗುನಗುತ್ತಲೇ ಕಳಿಸಿಕೊಟ್ಟ. ಮರುದಿನ ಬೆಳಗಾಗುವಷ್ಟರಲ್ಲಿ ಬೇಡಿ ಬಂತು.

"ನಾನು ಹೋಗ್ತೀನಿ ಅಪ್ಪಯ್ಯ. ಗೆದ್ದರೆ ನಿನ್ನನ್ನು ಬಿಡಿಸಿಕೊಳ್ತೀನಿ."

"ಆ ಸಭೆಯನ್ನು ನಂಬಬೇಡ ಮಗಾ. ನನ್ನನ್ನೂ ಮನೆಯವನು ಅಂತಲೇ ಕರೆದರು."

"ನಂಬಿ ಹೋಗ್ತಿಲ್ಲ. ನಿನಗೋಸ್ಕರ ಹೋಗ್ತೀನಿ."

ಸಭೆ ಕಿಕ್ಕಿರಿದಿತ್ತು. ಲಕುಮಾಜಮ್ಮನವರು ನಿಧಾನವಾಗಿ ಹೇಳಿದರು: "ಮೊದಲನೆಯದು ಮೇಲಿನ ಒಂದೇ ಕಡೆಯಿಂದ ಇಳಿಯುತ್ತದೆ; ಕೆಳಗಿನ ನೂರು ಕೈಗಳನ್ನು ಆಡಿಸುತ್ತದೆ, ಇಲ್ಲವೇ ಕಟ್ಟಿಹಾಕುತ್ತದೆ; ಇಳಿಬಿಟ್ಟವನಿಗೆ ಅದರ ಭಾರ ತಿಳಿಯದು. ಎರಡನೆಯದು ಮುಚ್ಚಿದರೆ ಬೆಳೆಯುತ್ತದೆ, ತೋರಿಸಿದರೆ ಸಾಯುತ್ತದೆ. ಬೆಳೆದರೆ ಮನೆಯನ್ನೇ ನುಂಗುತ್ತದೆ. ಮೂರನೆಯದು ಒಡೆದಾಗ ಸದ್ದಿಲ್ಲ. ಒಡೆದವನಿಗೆ ಚೂರು ಕಾಣದು. ಅವನ ಹೊರತು ಬೆಸೆಯುವವರಿಲ್ಲ, ಅವನಿಗೂ ಬೇಗ ಬೆಸೆಯದು. ಯಾವುದನ್ನು ಮೊದಲು ಬಿಡಿಸಿದರೂ ಸರಿ."

ಸೇನಾಪತಿಯ ಅಳಿಯ ರಣಪಾಲ ಮೀಸೆ ತಿರುವುತ್ತ ಎದ್ದ. "ಮೊದಲನೆಯದು ಮಳೆ, ತಾಯಿ!"

"ಮಳೆ ಸುರಿಸುವ ದೇವರಿಗೆ ಅದರ ಭಾರ ತಿಳಿಯದೇನಪ್ಪ?"

ಭಟರು ಅವನ ರಟ್ಟೆ ಹಿಡಿದರು. ಆಮೇಲೆ ಉಗ್ರಾಣದ ಅಧಿಕಾರಿ ಚಿಕ್ಕರಸ ಬಂದ. "ಎರಡನೆಯದು ಬೀಜ. ಮಣ್ಣು ಮುಚ್ಚಿದರೆ ತಾನೇ ಬೆಳೆಯುವುದು?"

"ಬೀಜ ಬೆಳೆದು ಮನೆ ನುಂಗಿದ್ದನ್ನು ಎಲ್ಲಿ ಕಂಡೆ, ಚಿಕ್ಕರಸ?"

ಜನ ಗೊಳ್ಳೆಂದು ನಕ್ಕರು. ಅವನನ್ನೂ ಎಳೆದೊಯ್ದಾಗ ನಗು ಅಡಗಿತು. ಮಸಿ ಹತ್ತಿದ ಪಂಚೆಯ ಕಾಳಾಚಾರಿ ಮುಂದೆ ಬಂದ.

"ಅಪ್ಪನಿಗೆ ಸೆರೆ ಸಾಲದು ಅಂತ ಮಗ ಶೂಲ ಹುಡುಕಿಕೊಂಡು ಬಂದ" ಎಂದು ಯಾರೋ ಹಂಗಿಸಿದರು.

ಕಾಳಾಚಾರಿ ಮನದಲ್ಲೇ ಕುಲದೇವರನ್ನು ನೆನೆದ. "ಮೊದಲನೆಯದು ಒಡೆಯನ ಮಾತು, ತಾಯಿ. ನಮ್ಮ ಸಾಲೆಯಲ್ಲೊಂದು ಪದ್ಧತಿಯಿತ್ತು. ಅಚ್ಚಿನ ಮಣ್ಣು ಒಣಗುವಾಗ ಕೂದಲೆಳೆಯಷ್ಟು ಬಿರುಕು ಕಂಡರೂ, ಕಂಡವನು ಅದರ ಮೇಲೆ ಹಿಡಿ ಬೂದಿ ಎರಚಿ 'ಬೂದಿ!' ಅಂತ ಕೂಗಬೇಕು. ಎಲ್ಲರೂ ಕೈ ನಿಲ್ಲಿಸಬೇಕು. ಆಗ ನಮ್ಮಪ್ಪ 'ಬದುಕಿದೆವು ಕಣಪ್ಪ' ಅನ್ನುತ್ತಿದ್ದ. ಪ್ರಭುಗಳು ಸಾಲೆಗೆ ಬರತೊಡಗಿದರು. ಬೂದಿ ಅಂದಾಗಲೆಲ್ಲ 'ಈ ಬಿರುಕು ಯಾವನ ಕೈಯದು?' ಅಂತ ಕೇಳಿದರು. ತಿಂಗಳೊಳಗೆ ಮೇಸ್ತ್ರಿಗಳೂ ಹಾಗೇ ಕೇಳಿದರು. ಆಮೇಲೆ ನಾವು ನಾವೇ ಒಬ್ಬರನ್ನೊಬ್ಬರು ಕೇಳಿಕೊಂಡೆವು."

"ಎರಡನೆಯದು?"

"ತಪ್ಪು, ತಾಯಿ. ಬೂದಿ ಹಿಡಿದ ಕೈ ಹಿಂದೆ ಸರಿಯಿತು. ಬಿರುಕು ಕಂಡವರು ಅದರ ಮೇಲೆ ಒದ್ದೆ ಮಣ್ಣು ಸವರಿ ಸುಮ್ಮನಾದರು. ಕಾದ ಕಂಚು ಬಿದ್ದಾಗ ಅದು ಬಾಯಿ ತೆರೆಯಿತು, ಗಂಟೆಯೂ ಒಡೆಯಿತು." ಅವನ ದನಿ ಕುಗ್ಗಿತು. "ಮೂರನೆಯ ಗಂಟೆಯ ಅಚ್ಚಿನಲ್ಲಿ ಬಿರುಕು ಕಂಡವನು ನಾನೇ. ಅಪ್ಪನ ಬೇಡಿ ನೆನಪಾಯಿತು. ಮಣ್ಣು ಸವರಿಬಿಟ್ಟೆ."

ಅರಸ ಸಿಂಹಾಸನದಿಂದ ಎದ್ದೇಬಿಟ್ಟ. "ಸಿಕ್ಕಿಬಿದ್ದನಲ್ಲ ಕಳ್ಳ! ಹಿಡಿಯಿರಿ ಇವನನ್ನು!"

"ಕೂತುಕೋ ಉದಯ, ಮೂರನೆಯದು ಉಳಿದಿದೆ" ಎಂದರು ತಾಯಿ.

ಕಾಳಾಚಾರಿಯ ತೋಳಿನ ಮೇಲೆ ಆಗಲೇ ಭಟನ ಕೈ ಬಿದ್ದಿತ್ತು. ಅವನು ನೇರ ಅರಸನನ್ನೇ ನೋಡಿದ. "ಮೂರನೆಯದು ನಂಬಿಕೆ. ಪ್ರಭು, ಅಪ್ಪನನ್ನು ಬೈದು ಸೆರೆಗೆ ಹಾಕಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಮನೆಯವನು ಅಂದಿರಿ. ಆ ಸಂಜೆ ಅಪ್ಪ ಸಾಲೆಗೆ ಬಂದು 'ಇನ್ನು ಹೆದರಬೇಡಿ, ಪ್ರಭುಗಳು ಕೇಳಿಸಿಕೊಂಡರು' ಅಂತ ನಮಗೆಲ್ಲ ಬೆಲ್ಲ ಹಂಚಿದ. ಆ ಬೆಲ್ಲದ ರುಚಿ ಬಾಯಲ್ಲಿರುವಾಗಲೇ ಬೇಡಿ ಬಂತು. ನಮ್ಮೊಳಗೆ ಒಡೆದದ್ದು ತಮಗೆ ಕೇಳಿಸಲಿಲ್ಲ."

ಲಕುಮಾಜಮ್ಮನವರು ಕಣ್ಣೊರೆಸಿಕೊಂಡರು. "ಮೂರೂ ಸರಿ. ಶೂಲ ಯಾರಿಗೂ ಬೇಡ. ಸಾಲೆ ನಿನ್ನದು. ವರ ಕೇಳಪ್ಪ."

"ನಮ್ಮಪ್ಪನನ್ನು ಕೊಡಿ."

ಅರಸ ತಲೆ ತಗ್ಗಿಸಿ, ಕಾಳಾಚಾರಿಯ ತೋಳು ಬಿಡುವಂತೆ ಭಟನಿಗೆ ಸನ್ನೆ ಮಾಡಿದ. ಕೀಲಿ ತರಿಸಿಕೊಂಡು ತಾನೇ ಸೆರೆಮನೆಗೆ ನಡೆದು ಬೀಗ ತೆಗೆದ. "ತಪ್ಪಾಯಿತು ಬೊಮ್ಮಣ್ಣ. ಸಾಲೆಗೆ ಬಾ. ಮೊದಲಿನ ಹಾಗೆ ನನಗೆ ಇದ್ದದ್ದನ್ನು ಹೇಳು."

ಮುದುಕ ಕೈ ಮುಗಿದ. "ತಪ್ಪನ್ನು ದೇವರ ಪಾದಕ್ಕೆ ಹಾಕಿದೀನಿ, ಪ್ರಭು. ಕೆಲಸಕ್ಕೂ ಬರ್ತೀನಿ. ಆದರೆ ತಾವು ಹೇಳು ಅಂದರೆ ಈಗ ಬಾಯಿ ಬರೋದಿಲ್ಲ. ಬರಲಿ ಅಂತ ನಾನೂ ಬೇಡಿಕೊಳ್ತೀನಿ."

ಅವನ ಕಾಲಲ್ಲಿ ಬೇಡಿಯ ಗಾಯವಿತ್ತು. ಮಗ ತೋಳು ಕೊಟ್ಟ. ಇಬ್ಬರೂ ಮೆಲ್ಲಗೆ ಮನೆಯ ದಾರಿ ಹಿಡಿದರು. ಅರಸ ಕೀಲಿ ಹಿಡಿದು ಅಲ್ಲೇ ನಿಂತಿದ್ದ.