ಹಾಳೆ ಬಿಡದ ಕೂಲರ್

ವಾರಿಜಕ್ಕನ ಕಥೆ ಕೇಳ್ಬೇಡಿ. ಸೋಫಾ ತಂದು ಮೂರು ವರ್ಷ ಆದ್ರೂ ಅದರ ಪ್ಲಾಸ್ಟಿಕ್ ಕಿತ್ತಿಲ್ಲ. ಅಂಥೋಳು ಮೊದಲನೇ ಸಲ ತಾನೇ ಕೂತು ಕಂಪ್ಯೂಟರ್ ಜೋಡಿಸಿದ್ಲು. ಪ್ರೊಸೆಸರ್ ತಲೆಗೆ ಬಿಸಿ ದಾಟಿಸೋ ಪೇಸ್ಟ್ ಹಚ್ಚಿ, ಮೇಲೆ ಆ ಬಿಸಿ ಹೀರೋ ನೀರಿನ ಕೂಲರ್ ಕೂರಿಸಿದ್ಲು, ತಾಮ್ರದ ತಳಕ್ಕೆ ಅಂಟಿದ್ದ ಪ್ಲಾಸ್ಟಿಕ್ ಹಾಳೆ ಸಮೇತ!

ಸ್ವಿಚ್ ಹಾಕಿದ್ದೇ ತಡ, ಪ್ರೊಸೆಸರ್‌ಗೆ ಮೈಯೆಲ್ಲ ಉರಿ. "ಕೂಲರಕ್ಕಾ, ಆ ಹಾಳೆ ದಾಟಿ ನನ್ನ ಬಿಸಿ ಹೋಗ್ತಿಲ್ಲ. ಕಿತ್ತೊಗಿ, ಸತ್ತೇ ಹೋಗ್ತೀನಿ!"

"ಕೀಳೋದಾ? ನನ್ನ ಕನ್ನಡಿಯಂಥ ಮೈಗೆ ಗೀರು ಬಿದ್ರೆ?" ಅಂತು ಕೂಲರ್.

"ಗೀರು ಬಿದ್ರೆ ಬದುಕ್ತೀಯ ಕಣೇ, ನಾನು ಸುಟ್ಟುಹೋದ್ರೆ ಮುಗೀತು!"

"ನನ್ನೊಳಗಿನ ನೀರು ತಣ್ಣಗೇ ಇದೆಯಮ್ಮ. ನಿಂದೆಲ್ಲ ನಾಟಕ."

ತೊಂಬತ್ತು ಡಿಗ್ರಿ ಆಯ್ತು, ತೊಂಬತ್ತೈದಾಯ್ತು, ನೂರು ಮುಟ್ತು. ಬೇರೆ ದಾರಿ ಕಾಣದೆ ಪ್ರೊಸೆಸರ್ ಇಡೀ ಕಂಪ್ಯೂಟರನ್ನೇ ಆರಿಸಿಬಿಡ್ತು.

ವಾರಿಜಕ್ಕ ಗಾಬರಿಯಿಂದ ಕೂಲರ್ ಬಿಚ್ಚಿದ್ಲು. ಹಾಳೆ ಕಂಡು ನಾಲಿಗೆ ಕಚ್ಕೊಂಡು, ಪರ್ರಂತ ಕಿತ್ತು, ಹೊಸ ಪೇಸ್ಟ್ ಹಚ್ಚಿ ಬಿಗಿದ್ಲು. ಮತ್ತೆ ಸ್ವಿಚ್ ಹಾಕಿದ್ಲು.

"ಅಯ್ಯೋ, ಮೈಯೆಲ್ಲ ಪೇಸ್ಟಿನ ಕೊಳೆ! ಬಿಸಿ ಬೇರೆ!" ಕಿರುಚ್ತು ಕೂಲರ್.

ಪ್ರೊಸೆಸರ್ ತಣ್ಣಗೆ ಹೇಳ್ತು: "ನಿನ್ನನ್ನ ಮನೆಗೆ ತಂದಿದ್ದೇ ಅದಕ್ಕೆ ಕಣೇ."