ತೂಬು ಎತ್ತಿದ ಮೇಲೆ

“ಗುರುಗಳೇ, ನಾನು ಬಿಟ್ಟುಕೊಟ್ಟ ಜಾಗದಲ್ಲಿ ಆಮೇಲೆ ನಡೆದ ಕೇಡಿಗೆ ನಾನು ಹೊಣೆಯೇ?”

ಕೇಳಿದವಳು ಸುಮಿತ್ರೆ. ಕಂಪ್ಯೂಟರಿನ ಮೆಮೊರಿಯನ್ನೆಲ್ಲ ಹಂಚುವ ಮೂಲ ತಂತ್ರಾಂಶವಾದ ಕರ್ನೆಲ್ಲಿಗೆ ಡ್ರೈವರ್, ಅಂದರೆ ಜೋಡಿಸಿದ ಸಾಧನಗಳನ್ನು ನಡೆಸುವ ಪ್ರೋಗ್ರಾಂ, ಬರೆಯುವುದನ್ನು ಕಲಿಯುತ್ತಿದ್ದಳು. ಕಂಪ್ಯೂಟರಿಗೆ ಸಿಕ್ಕಿಸಿದ ಕಾರ್ಡೊಂದು ಮಾಹಿತಿ ತಂದು ಸುರಿಯಲೆಂದು ಅವಳ ಡ್ರೈವರ್ ಮೆಮೊರಿಯಲ್ಲಿ ಜಾಗ ಪಡೆದು, ಅದರ ವಿಳಾಸವನ್ನು ಕಾರ್ಡಿಗೆ ಕೊಟ್ಟಿತ್ತು. ಕಾರ್ಡು ಸುಮ್ಮನಿತ್ತು. ಕಾದು ಸಾಕಾಗಿ ಡ್ರೈವರ್ ಜಾಗವನ್ನು ಮರಳಿಸಿತು. ಕರ್ನೆಲ್ ಅದನ್ನು ಅದೇ ಕಂಪ್ಯೂಟರಿನಲ್ಲಿ ನಡೆಯುತ್ತಿದ್ದ ಸಹಪಾಠಿಯೊಬ್ಬನ ಕೆಲಸಕ್ಕೆ ಕೊಟ್ಟಿತು. ಕಾರ್ಡು ಸುರಿದದ್ದು ಆಗ. ಅವನ ಮೂರು ತಿಂಗಳ ಕೆಲಸ ಹಾಳಾಯಿತು. ಅವನ ಮುಖ ನೋಡಲು ಅವಳಿಗೆ ನಾಚಿಕೆ. ಆದರೂ ತಪ್ಪು ಕಾರ್ಡಿನದೇ ಎಂಬ ಹಟ.

ಗುರುಗಳು ಕತೆ ಹೇಳಿದರು.

ಒಬ್ಬ ರೈತನಿದ್ದ. ಕೆರೆಯ ನೀರನ್ನು ಸರದಿಯಂತೆ ಹಂಚುವ ನೀರುಗಂಟಿಗೆ ತನ್ನ ಗದ್ದೆ ತೋರಿಸಿ, ನೀರು ಬಿಡು ಎಂದ. ನೀರುಗಂಟಿ ಗದ್ದೆಯ ಬದುವಿಗೆ ಬಾಯಿ ಕಡಿದು, ಕೆರೆಗೆ ಹೋಗಿ ತೂಬು ಎತ್ತಿದ. ಗದ್ದೆ ಕಾಲುವೆಯ ಕೊನೆಯಲ್ಲಿತ್ತು. ಮಧ್ಯಾಹ್ನವಾದರೂ ನೀರಿಲ್ಲ. ಸರದಿ ತಪ್ಪಿತೆಂದುಕೊಂಡ ರೈತ. ಅಷ್ಟರಲ್ಲಿ ನೆರೆಯವಳು ಬಂದು, ಕೊಯ್ದ ರಾಗಿ ಹಾಕಲು ಜಾಗ ಕೇಳಿದಳು. ರೈತ ಧಾರಾಳಿ. ಗದ್ದೆ ಬಿಟ್ಟುಕೊಟ್ಟು ಮನೆಗೆ ಹೋಗಿ ಊಟ ಮಾಡಿ ಮಲಗಿದ. ಹೊತ್ತು ಇಳಿಯುವಾಗ ನೀರು ಬಂತು. ಅವಳ ಮನೆಯ ವರ್ಷದ ಅನ್ನ ಕೆಸರಲ್ಲಿ ನೆನೆಯಿತು.

ಊರ ಹಿರಿಯರು ಕೂಡಿದರು. ರೈತ ನೀರುಗಂಟಿಯತ್ತ ಕೈ ತೋರಿಸಿ ಹೇಳಿದ: “ನೀರು ಬಂದಾಗ ಗದ್ದೆ ನನ್ನ ಕೈಲಿರ್ಲಿಲ್ಲ ಸ್ವಾಮಿ. ಕೇಳೋದಿದ್ರೆ ಇವನನ್ನ ಕೇಳಿ.”

ನೀರುಗಂಟಿ ಹೇಳಿದ: “ಗದ್ದೆ ತೋರ್ಸಿದ್ದು ನೀವು, ಯಜಮಾನ್ರೇ. ಬೇಡ ಅಂತ ಯಾರೂ ಬಂದು ಹೇಳ್ಲಿಲ್ಲ. ನೀರಿಗೆ ಗದ್ದೆ ಗೊತ್ತು. ಅದು ಈಗ ಯಾರ ಕೈಲಿದೆ ಅಂತ ಅದಕ್ಕೇನು ಗೊತ್ತು?”

ಹಿರಿಯರು ರೈತನ ಕಣಜದ ರಾಗಿಯನ್ನು ನೆರೆಯವಳಿಗೆ ಅಳೆಸಿಕೊಟ್ಟರು.

ಸುಮಿತ್ರೆಗೆ ಸಮಾಧಾನವಾಗಲಿಲ್ಲ. “ಬೆಳಗಿನಿಂದ ಕಾದಿದ್ದನಲ್ಲ ಗುರುಗಳೇ. ಆ ರೈತ ಇನ್ನೆಷ್ಟು ಹೊತ್ತು ಕಾಯಬೇಕಿತ್ತು?”

“ಕೆರೆಗೆ ಹೋಗಿ, ತೂಬು ಮುಚ್ಚಿಸಿ, ಕಾಲುವೆ ಒಣಗಿದೆಯೇ ಎಂದು ನೋಡುತ್ತ ನಡೆದು ಬರುವಷ್ಟು ಹೊತ್ತು” ಎಂದರು ಗುರುಗಳು.